ದೊಡ್ಡವರಿಗೆ ಕಿವಿ ಕೊಡುವಾಕೆ

ಬೆಳಕು ಇನ್ನೂ ಕಿಟಕಿಯ ಅರ್ಧಕ್ಕೆ ಬಂದಿದೆ. ತಗಡಿನ ಛಾವಣಿಯ ಉದ್ದನೆಯ ಶೆಡ್ಡಿನಲ್ಲಿ, ತಿರುಗುವ ಮರದ ಪೀಠದ ಮೇಲೆ, ದೊಡ್ಡ ಲೇಖಕಿಯೊಬ್ಬರು ಒದ್ದೆ ಬಟ್ಟೆ ಹೊದ್ದು ಕೂತಿದ್ದಾರೆ. ಕೂತಿದ್ದಾರೆ ಎಂದರೆ ತಲೆ ಮತ್ತು ಕುತ್ತಿಗೆ ಮಾತ್ರ. ನೀಲಿ ಸ್ವೆಟರಿನ ಹೆಂಗಸೊಬ್ಬರು ಸ್ಟವ್ ಮೇಲಿನ ಬಿಸಿನೀರಿನಲ್ಲಿ ಬೆರಳು ಅದ್ದಿ, ಒರೆಸಿ, ಮತ್ತೆ ಅದ್ದುತ್ತಾರೆ. ಮುಂಜಾನೆ ಜೇಡಿಮಣ್ಣು ಕೊರೆಯುತ್ತದೆ. ಬೆರಳು ಮರಗಟ್ಟಿದರೆ ಕೆಲಸ ಕೆಟ್ಟಂತೆಯೇ. ಬೆರಳು ಹದಕ್ಕೆ ಬಂದ ಮೇಲೆ, ಮಲಗಿರುವ ಮಗುವಿನ ಹೊದಿಕೆ ಸರಿಸಿದಷ್ಟು ಹುಷಾರಾಗಿ ಆ ಬಟ್ಟೆಯನ್ನು ಸರಿಸುತ್ತಾರೆ. ಹಣೆ, ಕಣ್ಣು, ಮೂಗು, ಗಲ್ಲ ಎಲ್ಲ ಇವೆ. ಕಿವಿಯ ಜಾಗ ಮಾತ್ರ ಎರಡೂ ಕಡೆ ಬೋಳು.

"ಒಂದು ಗಳಿಗೆ ತಾಳಿ ತಾಯಿ," ಎನ್ನುತ್ತಾರೆ ಆ ಮಣ್ಣಿನ ತಲೆಗೆ. "ಈಗ ಬಂದ್ಬಿಡುತ್ತೆ ಕಿವಿ. ಆಮೇಲೆ ಯಾರು ಏನಂದ್ರು ಅಂತ ನೀವೇ ಕೇಳಿಸ್ಕೊಳ್ಳಿ."

ಈ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ಕಿವಿಯಕ್ಕ ಎಂದು. ಚಾಡಿ ಕೇಳುವವರಿಗೆ ಇಟ್ಟ ಅಡ್ಡಹೆಸರಿನಂತಿದೆಯಲ್ಲ ಎಂದು, ಇವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ಛೇಡಿಸಿದರೆ ಅವರಿಗೇನೂ ಬೇಸರವಿಲ್ಲ. "ಕೇಳೋದಲ್ಲ ನನ್ನ ಕೆಲಸ, ಕೊಡೋದು. ದೊಡ್ಡ ದೊಡ್ಡವರಿಗೆಲ್ಲ ನಾನೇ ಕಿವಿ ಕೊಟ್ಟಿರೋದು," ಎಂದು ತಾವೇ ನಗುತ್ತಾರೆ. ಇವತ್ತು ಮಾತ್ರ ಆ ನಗು ತುಟಿ ದಾಟುತ್ತಿಲ್ಲ. ಮಧ್ಯಾಹ್ನ ಎರಕದವರು ಬಂದು ಈ ತಲೆಯ ಮೇಲೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯುತ್ತಾರೆ. ಅಲ್ಲಿಂದಾಚೆ ಅದು ಕಂಚು, ಕಂಚಿನ ಮೇಲೆ ಬೆರಳಿನ ಆಟ ನಡೆಯುವುದಿಲ್ಲ. ಅದಕ್ಕೆ ಮುಂಚೆ ಲೇಖಕಿಯ ಮಗಳು ಬಂದು, ಕಿವಿ ಮುಟ್ಟಿ ನೋಡಿ, ಹೌದು ಎನ್ನಬೇಕು. ಹಿಂದೆ ಮೂರು ಸಲ ಬಂದು, ಮುಟ್ಟಿ, ಅಲ್ಲ ಎಂದು ಹೋಗಿದ್ದಾರೆ. ಆ ಲೇಖಕಿಯ ಕಿವಿ ಹೇಗಿತ್ತು ಎಂದು ಬಲ್ಲವರು ಈ ಲೋಕದಲ್ಲಿ ಈಗ ಆಕೆ ಒಬ್ಬರೇ.

ಈ ಶೆಡ್ಡಿನಲ್ಲಿ ತಯಾರಾಗುವುದು ಬರೀ ತಲೆಗಳು. ಅದೂ ನನ್ನ ನಿಮ್ಮಂಥವರ ತಲೆಗಳಲ್ಲ. ದೊರೆಗಳ ನಿದ್ದೆ ಕೆಡಿಸಿದ ಪುಸ್ತಕ ಬರೆದವರು, ಜೈಲಿನೊಳಗೆ ಕೂತು ಹೊರಗಿನವರಿಗೆ ಧೈರ್ಯ ಹೇಳಿದವರು, ನಿಮ್ಮ ಭೂಮಿ ಆಕಾಶದ ಲೆಕ್ಕವೇ ತಪ್ಪು ಎಂದು ಒಂಟಿಯಾಗಿ ನಿಂತು ವಾದಿಸಿದವರು, ಪ್ರಶ್ನೆ ಕೇಳಿ ಕೇಳಿ ಊರಿಗೆ ಊರನ್ನೇ ಎದುರು ಹಾಕಿಕೊಂಡವರು. ಶಾಲೆ, ಕೋರ್ಟು, ಉದ್ಯಾನ, ವಾಚನಾಲಯಗಳಿಂದ ಬೇಡಿಕೆ ಬರುತ್ತದೆ. ಮೊದಲ ದಿನ ಒಳಗೆ ಕಾಲಿಟ್ಟು ಸುತ್ತ ನೋಡಿದೆ. ಪರೀಕ್ಷೆಯಲ್ಲಿ ಬರೆದು ಮರೆತ, ಭಾಷಣಗಳಲ್ಲಿ ಧಾರಾಳವಾಗಿ ಉದುರಿಸಿದ ಹೆಸರುಗಳೆಲ್ಲ ಒದ್ದೆ ಗೋಣಿ ಹೊದ್ದು, ನನ್ನ ಎದೆಯೆತ್ತರದಲ್ಲಿ ಸಾಲಾಗಿ ಕೂತಿದ್ದವು. ಇವರ ಎದುರು ಚಪ್ಪಲಿ ಹಾಕಿಕೊಂಡು ನಿಂತಿದ್ದೇನಲ್ಲ ಎಂದು ನಾಚಿಕೆಯಾಗಿ ಬಾಗಿಲಿಗೆ ಹಿಂತಿರುಗಿ ಬಿಟ್ಟುಬಂದೆ. ಕಿವಿಯಕ್ಕ ನೋಡಿ, "ಹಾಕ್ಕೊಳ್ಳಿ, ನೆಲದಲ್ಲಿ ತಂತಿ ಚೂರಿರುತ್ತೆ," ಎಂದರು.

ಕೆಲಸ ಮನೆಯವರೊಳಗೇ ಹಂಚಿಹೋಗಿದೆ. ಮುಖ ಭಾವನವರದು, ಅಂದರೆ ಕಿವಿಯಕ್ಕನ ಗಂಡನ ಅಣ್ಣನದು. ಇಲ್ಲಿಯ ಯಜಮಾನರು ಅವರೇ, ಕತ್ತಿನ ಹಿಂಭಾಗದಲ್ಲಿ ಕೆತ್ತುವ ಸಹಿಯೂ ಅವರದೇ. ಕೂದಲು, ಹುಬ್ಬು, ಗಡ್ಡ, ಮೀಸೆ ಕಿವಿಯಕ್ಕನ ಗಂಡನದು. ಅವರನ್ನು ಗಡ್ಡದಣ್ಣ ಎನ್ನುತ್ತಾರೆ. ಗಡ್ಡದಣ್ಣನ ಕೆನ್ನೆ ಮಾತ್ರ ಕನ್ನಡಿಯ ಹಾಗೆ ನುಣುಪು. "ಹಳೇ ಕಾಲದ ತತ್ವಜ್ಞಾನಿಗಳು ಅಂದ್ರೆ ನನಗೆ ಪ್ರಾಣ," ಎನ್ನುತ್ತಾರೆ. "ಒಂದೊಂದು ಗಡ್ಡಕ್ಕೂ ವಾರಗಟ್ಟಲೆ ಕೆಲಸ. ಈಚಿನ ನಾಯಕರೆಲ್ಲ ದಿನಾ ಬೋಳಿಸ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೆದ್ರು." ಇನ್ನುಳಿದ ಕಿವಿ ಕಿವಿಯಕ್ಕನ ಪಾಲು.

ಕಿವಿಯನ್ನು ತಲೆಯ ಮೇಲೆಯೇ ತಿದ್ದುವ ಪದ್ಧತಿ ಇಲ್ಲಿಲ್ಲ. ಬೇರೆಯಾಗಿ ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು, ಹದ ನೋಡಿ ಮಣ್ಣಿನ ಗಂಜಿ ಸವರಿ ಅಂಟಿಸುತ್ತಾರೆ. ಊಟದ ಡಬ್ಬಿಯಿರಬೇಕು ಎಂದುಕೊಂಡು ನಾನೊಮ್ಮೆ ಮುಚ್ಚಳ ತೆಗೆದೆ. ನಾಲ್ಕು ಜೊತೆ ಕಿವಿಗಳು ನನ್ನತ್ತ ಮುಖ ಮಾಡಿ ಮಲಗಿದ್ದವು. ಮೆಲ್ಲಗೆ ಮುಚ್ಚಿಬಿಟ್ಟೆ.

ಕಿವಿ ಅಂಟಿಸದ ತಲೆಗೆ ಇವರ ಬಾಯಲ್ಲಿ ಕಿವುಡ ಎಂದು ಹೆಸರು. ಒಳಗೊಳಗೇ ಓಡಾಡುವ ಮಾತು ಒಮ್ಮೊಮ್ಮೆ ಫೋನಿನಲ್ಲೂ ಜಾರುತ್ತದೆ. ಗಣ್ಯರೊಬ್ಬರ ಪ್ರತಿಮೆ ಎಲ್ಲಿಗೆ ಬಂತು ಎಂದು ಕೇಳಿದ ಅಧಿಕಾರಿಗೆ ಗಡ್ಡದಣ್ಣ, "ನಿಮ್ಮ ನಾಯಕರು ಇನ್ನೂ ಕಿವುಡ್ರೇ ಸಾರ್, ಈ ವಾರ ದಾಟಿದ್ರೆ ಕೇಳಿಸುತ್ತೆ," ಎಂದಿದ್ದರಂತೆ.

"ಮುಖ ಒಂಚೂರು ಹೆಚ್ಚುಕಮ್ಮಿ ಆದ್ರೆ ಪರವಾಗಿಲ್ಲ, ಏನೋ ಯೋಚನೆ ಮಾಡ್ತಿದ್ದಾರೆ ಅಂದ್ಕೊಳ್ತಾರೆ ಜನ," ಎನ್ನುತ್ತಾರೆ ಕಿವಿಯಕ್ಕ. "ಕಿವಿ ಹೆಚ್ಚುಕಮ್ಮಿ ಆಗ್ಲಿ ನೋಡಿ, ಎಂಥಾ ಜ್ಞಾನಿಯೂ ಪೆದ್ದನ ಥರ ಕಾಣ್ತಾರೆ. ಆದ್ರೆ ಸರಿಯಾಗಿದ್ರೆ ಕಿವಿ ಇದೆ ಅಂತಲೇ ಯಾರಿಗೂ ಗೊತ್ತಾಗಲ್ಲ. ಇದೆಂಥ ಕೆಲಸ ಹೇಳಿ!" ಒಳ್ಳೆಯ ದಿನ ಎಂದರೆ ಎರಡು ಜೊತೆ. ಚಳಿಯಲ್ಲಿ ಒಂದು ಜೊತೆಯೂ ಕಷ್ಟ. ಬೆರಳ ಗೆಣ್ಣುಗಳು ಊದಿಕೊಂಡು ಉಂಗುರ ತೆಗೆದಿಟ್ಟು ಎಷ್ಟೋ ಕಾಲವಾಯಿತು. ಅಂಗೈಯ ಬಿರುಕುಗಳೊಳಗೆ ಮಣ್ಣು ಮನೆ ಮಾಡಿಕೊಂಡಿದೆ. ಮದುವೆ ಮುಂಜಿಗೆ ಹೋದರೆ ಕೈ ಹಿಂದೆ ಕಟ್ಟಿಕೊಂಡೇ ಮಾತಾಡುತ್ತಾರಂತೆ. ಕೆಲಸ ಶುರುಮಾಡಿ ಮೂವತ್ತು ವರ್ಷಕ್ಕೂ ಮಿಕ್ಕಿದೆ, ಒಂದು ಸಮಾರಂಭದಲ್ಲೂ ಈಕೆಯ ಕೆಲಸದ ಪ್ರಸ್ತಾಪ ಬಂದಿಲ್ಲ.

ಒಂದು ಅಭ್ಯಾಸ ಮಾತ್ರ ಇವರದೇ. ಹೊಸ ತಲೆ ಬಂದಾಗಲೆಲ್ಲ ಗಂಡ ಆ ವ್ಯಕ್ತಿಯ ಜೀವನಚರಿತ್ರೆ ಓದಿ ಹೇಳಬೇಕು. ಕಿವಿಯಕ್ಕನಿಗೂ ಓದಲು ಬರುತ್ತದೆ, ಆದರೆ ಕೈತುಂಬ ಮಣ್ಣು. ಹುಟ್ಟು, ಸಾವು, ಪುಸ್ತಕ, ಹೋರಾಟ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: "ಇವರು ಯಾರ ಮಾತು ಕೇಳ್ತಿದ್ರಂತೆ?" ಗಡ್ಡದಣ್ಣ ಪುಟ ತಿರುವಿ ತಿರುವಿ ಪುಸ್ತಕ ಮುಚ್ಚಿಡುತ್ತಾರೆ. "ಯಾವ ಪುಸ್ತಕದಲ್ಲೂ ಇರಲ್ಲ ಅದು," ಎಂದು ಕಿವಿಯಕ್ಕ ನನ್ನತ್ತ ತಿರುಗುತ್ತಾರೆ. "ಏನೇನು ಹೇಳಿದ್ರು ಅಂತ ರಾಶಿ ರಾಶಿ ಬರೆದಿದ್ದಾರೆ. ಅಷ್ಟೆಲ್ಲ ಹೇಳ್ಬೇಕಾದ್ರೆ ಮೊದಲು ಎಷ್ಟು ಕೇಳಿರಬೇಕು ಅವರು! ಕಷ್ಟ ಹೇಳ್ಕೊಂಡು ಬಂದೋರು, ಬೈದೋರು, ಮನೆಯೋರು... ಅದೆಲ್ಲ ಈ ತೂತಿನಿಂದಲೇ ಒಳಗೆ ಹೋಗಿದ್ದು." ಹೀಗೆಂದು ತೋರುಬೆರಳ ತುದಿಯನ್ನು ಮಣ್ಣಿನ ಕಿವಿಯ ಕುಳಿಗೆ ಒತ್ತುತ್ತಾರೆ. ಇಷ್ಟು ವರ್ಷ ಮಹಾಪುರುಷರ ಬಾಯನ್ನೇ ನೋಡುತ್ತ ಬಂದವರು ನಾವು.

ಈ ಕೆಲಸ ಅವರಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಈಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಮುದ್ದೆ ಮಣ್ಣು ಕೊಟ್ಟು, "ಒಂದು ಕೈಲಿ ನನ್ನ ಕಿವಿ ಮುಟ್ಟಿ ನೋಡು, ಇನ್ನೊಂದು ಕೈಲಿ ಹಾಗೇ ಮಾಡು," ಎಂದರಂತೆ. ಪಾಠ ಅಷ್ಟೇ. "ಸೊಸೆ ಅತ್ತೆ ಕಿವಿ ಹಿಂಡೋ ಮನೆ ನಮ್ಮದೊಂದೇ ಅಂತ ಅಕ್ಕಪಕ್ಕದೋರೆಲ್ಲ ನಗ್ತಿದ್ರು," ಎಂದು ಕಿವಿಯಕ್ಕ ನೆನೆಯುತ್ತಾರೆ. ವರ್ಷಗಟ್ಟಲೆ ಮುಟ್ಟಿ ಮುಟ್ಟಿ, ಅತ್ತೆ ತೀರಿಕೊಳ್ಳುವ ಹೊತ್ತಿಗೆ ಆ ಕಿವಿ ಬೆರಳಿಗೆ ಬಾಯಿಪಾಠವಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಈ ಶೆಡ್ಡಿನಿಂದ ಹೊರಟ ಪ್ರತಿಯೊಬ್ಬ ಚಿಂತಕರಿಗೂ, ಕವಿಗೂ, ನಾಯಕರಿಗೂ ಇರುವುದು ಅದೇ ಒಂದು ಜೊತೆ ಕಿವಿ. ದಪ್ಪ ಅಂಚು, ಗುಂಡು ಹಾಲೆ. ಅತ್ತೆಯ ಕಿವಿ ತಪ್ಪಿಸಿ ಮನೆಯಲ್ಲಿ ಒಂದು ಮಾತು ಆಡುವ ಹಾಗಿರಲಿಲ್ಲವಂತೆ; ಈಗ ಯಾವ ಸಭಾಂಗಣದಲ್ಲೂ ಆಡುವ ಹಾಗಿಲ್ಲ. ಸಾವಿರಾರು ವರ್ಷಗಳ ಚಿಂತನೆಯೆಲ್ಲ ಒಬ್ಬ ಅತ್ತೆಯ ಕಿವಿಗೆ ಬಿದ್ದೇ ಮುಂದಕ್ಕೆ ಹೋಗಿದೆ ಎಂದುಕೊಂಡರೆ ನಗುವೂ ಬರುತ್ತದೆ, ಬೆರಗೂ ಆಗುತ್ತದೆ.

ಈ ಕೆಲಸದಲ್ಲಿ ಮಾನ ಹೋದ ಕಥೆಯೂ ಒಂದಿದೆ. ನಾಲ್ಕು ರಸ್ತೆ ಕೂಡುವಲ್ಲಿ ನಿಂತಿದ್ದ ನಾಯಕರೊಬ್ಬರ ಕಲ್ಲಿನ ಪ್ರತಿಮೆಯನ್ನು ತೊಳೆಯುವಾಗ ಏಣಿ ತಾಗಿ ಒಂದು ಕಿವಿ ಮುರಿಯಿತು. ಇನ್ನೊಮ್ಮೆ ಮುರಿಯಬಾರದು, ಗಟ್ಟಿಯಾಗಿ ಮಾಡಿಕೊಡಿ ಎಂದರು ನಗರಸಭೆ ಆಫೀಸಿನವರು. ಭಾವ ಲೋಹದಲ್ಲಿ ಎರಕ ಹೊಯ್ಯಿಸಿ, ಕಲ್ಲಿನ ಬಣ್ಣ ಬಳಿಸಿ, ಕೂರಿಸಿ ಬಂದರು. ಮೊದಲ ಮಳೆಗೇ ಬಣ್ಣ ತೊಳೆದುಹೋಯಿತು. ಒಳಗಿದ್ದದ್ದು ಹಿತ್ತಾಳೆ. ಯಾರು ಏನು ಊದಿದರೂ ನಂಬುವವರಿಗೆ ಹಿತ್ತಾಳೆ ಕಿವಿ ಎನ್ನುತ್ತೇವಲ್ಲ, ಈ ನಾಯಕರು ಬದುಕಿದ್ದಾಗ ಚಾಡಿಕೋರರನ್ನು ಹೊಸ್ತಿಲು ತುಳಿಯಗೊಡದೆ ಇದ್ದವರು. ಅಂಥವರಿಗೆ ನಡುರಸ್ತೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಕಿವಿ! ಬಸ್ಸಿನವರು ನಿಲ್ಲಿಸಿ ನೋಡಿದರು. ಎದುರು ಪಕ್ಷದವರಿಗೆ ಹಬ್ಬ. "ಅಷ್ಟು ಜನ ಕೆಲಸ ಮಾಡೋ ಕಡೆ ಒಬ್ಬರಿಗಾದ್ರೂ ಆ ಮಾತು ಹೊಳೀಬಾರ್ದಾ?" ಎಂದು ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ ಕಿವಿಯಕ್ಕ. "ನಮಗೆ ಹಿತ್ತಾಳೆ ಅಂದ್ರೆ ಹಿತ್ತಾಳೆ, ಕಿವಿ ಅಂದ್ರೆ ಕಿವಿ. ಎರಡೂ ಸೇರಿದ್ರೆ ಏನಾಗುತ್ತೆ ಅಂತ ಯಾರು ಕಂಡಿದ್ರು?"

ಈ ಸಲದ ಕೆಲಸ ಹೊಸ ಗ್ರಂಥಾಲಯದ ಓದುವ ಕೋಣೆಯದು. ಲೋಕದ ನಾನಾ ಕಡೆಯ, ನಾನಾ ಕಾಲದ ಹನ್ನೆರಡು ಮಂದಿ ಅಲ್ಲಿ ಕೂರಬೇಕು. ಹನ್ನೊಂದು ತಲೆಗಳು ಅತ್ತೆಯ ಕಿವಿ ಧರಿಸಿ ಆಗಲೇ ಹೋಗಿವೆ. ಉಳಿದವರು ಈಗ ಪೀಠದ ಮೇಲಿರುವ ಈ ಲೇಖಕಿ, ಹನ್ನೆರಡರಲ್ಲಿ ನಮ್ಮ ಕಾಲಕ್ಕೆ ತೀರ ಹತ್ತಿರದವರು. ಬಟ್ಟೆ ಒಗೆಯುವುದಕ್ಕೂ ಒಂದು ಇತಿಹಾಸವಿದೆ, ಪಾತ್ರೆ ತೊಳೆದ ಕೈಯೂ ಲೋಕವನ್ನು ಕುರಿತು ಯೋಚಿಸಿದೆ ಎಂದು ಈಕೆ ಬರೆದಾಗ ಪಂಡಿತರು ಮುಸಿಮುಸಿ ನಕ್ಕಿದ್ದರು. ಆಮೇಲಾಮೇಲೆ ಈಕೆಯ ವಾಕ್ಯಗಳನ್ನು ಮುಖಂಡರು ಸಭೆಗಳಲ್ಲಿ ಹೇಳತೊಡಗಿದರು, ಕೂಲಿಯ ಕಾನೂನು ಬದಲಾಯಿತು, ಮನೆಗೆಲಸದವರಿಗೂ ವಾರಕ್ಕೊಂದು ರಜೆ ಬಂತು. ನನ್ನ ತಾಯಿ ತಮ್ಮ ಜನ್ಮದಲ್ಲಿ ಪೂರ್ತಿ ಓದಿದ ದಪ್ಪ ಪುಸ್ತಕ ಒಂದೇ, ಈಕೆಯದು. ಓದಿ ಮುಗಿಸಿದ ದಿನ ಸೆರಗಿನಿಂದ ಅದರ ರಟ್ಟನ್ನು ಒರೆಸಿ ಇಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆ ತಲೆ ಈಗ ನನ್ನಿಂದ ಒಂದು ಮಾರು ದೂರದಲ್ಲಿದೆ. ಕೈ ತಾನಾಗಿ ಮುಗಿಯುತ್ತದೆ.

ಸಿಕ್ಕ ಫೋಟೋಗಳಲ್ಲೆಲ್ಲ ಲೇಖಕಿಯ ಕೂದಲು ಕಿವಿಯನ್ನು ಮುಚ್ಚಿದೆ. ಹಾಗಾಗಿ ಈ ತಲೆಯಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ. ಗಡ್ಡದಣ್ಣ ಖುಷಿಯಿಂದ ಎಳೆಎಳೆಯಾಗಿ ಕೂದಲು ಇಳಿಬಿಟ್ಟಿದ್ದರು. ನೋಡಲು ಬಂದ ಮಗಳು ಮುಖದ ಮುಂದೆ ನಿಂತು ಕಣ್ಣು ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಫೋಟೋಗೆ ಅಂತ ಹೀಗೆ ಬಿಟ್ಕೊಳ್ಳೋರು ಅಷ್ಟೇ," ಎಂದರು. "ಬರೆಯೋಕೆ ಕೂತ್ರೆ ಎಲ್ಲ ಹಿಂದಕ್ಕೆ ಎಳೆದು ಗಂಟು ಹಾಕ್ಕೊಂಡ್ಬಿಡೋರು. ಓದೋ ಕೋಣೇಲಿ ಹಾಗಿದ್ರೆ ಚೆನ್ನಾಗಿರುತ್ತೆ, ಅಲ್ವಾ?" ಗಡ್ಡದಣ್ಣ ಎರಡು ದಿನ ಗೊಣಗುತ್ತಲೇ ಆ ಎಳೆಗಳನ್ನೆಲ್ಲ ಕೆರೆದು ತೆಗೆದರು. ಕೂದಲು ಹಿಂದಕ್ಕೆ ಹೋಯಿತು, ಕಿವಿ ಬೇಕಾಯಿತು, ಕಿವಿಯಕ್ಕ ಡಬ್ಬಿಯಿಂದ ಒಂದು ಜೊತೆ ತೆಗೆದು ಅಂಟಿಸಿದರು.

ಮತ್ತೆ ಬಂದ ಮಗಳು ನೇರ ಪಕ್ಕಕ್ಕೆ ಹೋದರು. ಎಪ್ಪತ್ತರ ಹತ್ತಿರದ, ಔಷಧಿ ಅಂಗಡಿ ನಡೆಸಿ ಈಗ ಮನೆಯಲ್ಲಿರುವ, ಮೆಲುಮಾತಿನ ಹೆಂಗಸು. ಕಣ್ಣು ಮುಚ್ಚಿ ಕಿವಿ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡು, "ಇದು ಯಾರ ಕಿವಿ?" ಎಂದರು.

"ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಆ ಮಾತು," ಎನ್ನುತ್ತಾರೆ ಕಿವಿಯಕ್ಕ. "ಕಳ್ಳತನ ಸಿಕ್ಕಿಬಿದ್ದ ಹಾಗಾಯ್ತು. ಸುಳ್ಳು ಹೇಳೋಣ ಅಂದ್ರೂ ಹೊಳೀಲಿಲ್ಲ. 'ನಮ್ಮತ್ತೇದು ಮೇಡಂ' ಅಂದ್ಬಿಟ್ಟೆ. ಭಾವ ನನ್ನನ್ನ ನೋಡಿದ ನೋಟ ಇದೆಯಲ್ಲ!"

ಮಗಳು ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದರು. ಅವರು ಚಿಕ್ಕವರಿದ್ದಾಗ ಮನೆಗೆ ಜನವೋ ಜನ. ಸಂಘದವರು, ಪತ್ರಿಕೆಯವರು, ಜಗಳಕ್ಕೆ ಬಂದವರು. ಎಲ್ಲರಿಗೂ ಅಮ್ಮನ ಮಾತು ಬೇಕು. ಅವರೆಲ್ಲ ಎದ್ದುಹೋದ ಮೇಲೆ ಅಮ್ಮ ಬರೆಯಲು ಕೂರುತ್ತಿದ್ದರು. "ನಾನು ಹೆಗಲ ಮೇಲೆ ಒರಗಿ, ಕಿವಿ ಹಿಡ್ಕೊಂಡು ನಿದ್ದೆ ಮಾಡ್ತಿದ್ದೆ. ಬೇರೆ ಎಲ್ಲ ಊರೋರದು ಆಗಿಹೋಗಿತ್ತು. ಮುಖ ಪೇಪರ್‌ನೋರದು, ಮಾತು ಸಂಘದೋರದು. ಕಿವಿ ಮಾತ್ರ ನಂದು."

ಆವತ್ತಿನಿಂದ ಕಿವಿಯಕ್ಕನಿಗೆ ನೆಮ್ಮದಿ ಇಲ್ಲ. ಅಂಚು ತೆಳ್ಳಗಿತ್ತು, ಮೇಲೆ ಒಳಕ್ಕೆ ಮಡಚಿಕೊಂಡಿತ್ತು, ಹಾಲೆ ಉದ್ದ, ಬಲಗಡೆಯದು ಸ್ವಲ್ಪ ವಾರೆ: ಮಗಳು ಹೇಳಿದ ಗುರುತುಗಳಷ್ಟನ್ನೂ ಇಟ್ಟುಕೊಂಡು ಹೊಸ ಕಿವಿಗೆ ಕೈ ಹಾಕಿದರು. ಮೂವತ್ತು ವರ್ಷದಲ್ಲಿ ಇದೇ ಮೊದಲು. ಬೆರಳು ಕೇಳುವುದಿಲ್ಲ. "ನಾನು ಒಂದು ಮಾಡೋಕೆ ಹೋದ್ರೆ ಅದು ತಾನಾಗೇ ಅತ್ತೆ ಹತ್ರ ಹೋಗಿ ನಿಲ್ಲುತ್ತೆ. ಬಿಡಿ ಅತ್ತೆ, ಇದೊಂದು ಸಲ ಬಿಡಿ ಅಂತ ಬೇಡ್ಕೊಂಡಿದ್ದೀನಿ." ಮಾಡಿ ಕೆಡವಿ, ಮಾಡಿ ಕೆಡವಿ, ಕೊನೆಗೊಂದು ಜೊತೆ ಬಂತು. ಮಗಳು ನೋಡಿ ಮುಖ ಅರಳಿಸಿದರು. ಕಣ್ಣು ಮುಚ್ಚಿ ಮುಟ್ಟಿದರು. ಮುಖ ಬಾಡಿತು. "ನೋಡೋಕೆ ಅಮ್ಮಂದೇ. ಮುಟ್ಟಿದ್ರೆ ಅಲ್ಲ," ಎಂದರು. ಏನು ಸರಿಯಿಲ್ಲ ಎಂದು ಹೇಳಲು ಅವರಿಗೇ ತಿಳಿಯಲಿಲ್ಲ.

ಅದರ ಮುಂದಿನ ಸಲವೂ ಹಾಗೇ. ಆದರೆ ಹೊರಡುವಾಗ ಮಗಳು ಬಾಗಿಲಲ್ಲಿ ನಿಂತು, "ನೀವು ಇನ್ನು ಕಷ್ಟಪಡಬೇಡಿ. ತಪ್ಪು ನಿಮ್ಮದಲ್ಲ. ನನಗೇ ಮರೆತುಹೋಗಿರಬೇಕು," ಎಂದರಂತೆ.

ಈ ಮಾತು ಹೇಳುವಾಗ ಕಿವಿಯಕ್ಕ ಕೈಯ ಮಣ್ಣನ್ನು ಪೀಠದ ಅಂಚಿಗೆ ಒರೆಸುತ್ತಾರೆ. "ನಿಮ್ಮ ಕೆಲಸ ಚೆನ್ನಾಗಿಲ್ಲ ಅಂತ ಬೈದಿದ್ರೆ ನನಗೆ ಊಟ ಸೇರ್ತಿತ್ತು. ನನಗೇ ಮರೆತುಹೋಯ್ತು ಅಂತ ಹೋದ್ರಲ್ಲ! ಅಮ್ಮನ್ನ ತಾವೇ ಕಳ್ಕೊಂಡ ಹಾಗೆ. ಎರಡನೇ ಸಲ ಕಳ್ಕೊಳ್ಳೋ ಹಾಗೆ ಮಾಡಿದ್ದು ನಾನು."

ಮುಖ ಬಿಟ್ಟು ಬೇರೇನನ್ನೂ ಜನ ನೋಡುವುದಿಲ್ಲ ಎಂದು ಜೀವಮಾನವೆಲ್ಲ ಗೊಣಗಿದವರು ಇವರು. ತಾನೂ ಮಾಡಿದ್ದು ಅದನ್ನೇ ಎಂದು ಆಮೇಲೆ ಹೊಳೆಯಿತಂತೆ. ಮೂರು ಸಲವೂ ಮಗಳ ಮುಖವನ್ನೇ ನೋಡುತ್ತ ನಿಂತಿದ್ದರು, ಬೆರಳನ್ನು ನೋಡಿರಲಿಲ್ಲ. ನೆನಪಿನಲ್ಲೇ ಮತ್ತೆ ಆ ಕೈಯನ್ನು ತಂದುಕೊಂಡರು. ಹೆಬ್ಬೆರಳು ಮುಂದೆ, ತೋರುಬೆರಳು ಕಿವಿಯ ಹಿಂದೆ. ಆ ತೋರುಬೆರಳು ಅಲ್ಲಿ ಒಳಗೆ ಹೋಗಲು ನೋಡುತ್ತಿತ್ತು, ಬೀಗ ಹಾಕಿದ ಮನೆಯ ಮುಂದೆ ನಿಂತವರ ಹಾಗೆ ಅತ್ತ ಇತ್ತ ಹೋಗಿ ವಾಪಸ್ಸು ಬರುತ್ತಿತ್ತು.

ಇಲ್ಲಿ ಕಿವಿಯ ಹಿಂಭಾಗಕ್ಕೆ ಸಂದಿಯೇ ಇರುವುದಿಲ್ಲ. ಕಿವಿಗೂ ತಲೆಗೂ ನಡುವೆ ಮಣ್ಣು ಮೆತ್ತಿ ಭರ್ತಿ ಮಾಡುತ್ತಾರೆ. ಬೆನ್ನು ತುಂಬುವುದು ಎನ್ನುತ್ತಾರೆ ಅದಕ್ಕೆ. ಸಂದಿ ಬಿಟ್ಟರೆ ಅಚ್ಚಿನ ಪ್ಲಾಸ್ಟರ್ ಒಳಗೆ ಹೊಕ್ಕು ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಕಿವಿಯೇ ಕಿತ್ತು ಬರುತ್ತದೆ. ಎದುರಿನಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಕಿವಿಯಕ್ಕನ ಮಟ್ಟಿಗೆ ಇನ್ನೂ ಒಂದು ಕಾರಣವಿದೆ. ಪಾಠದ ದಿನಗಳಲ್ಲಿ ಅವರ ಬೆರಳು ಕಿವಿಯ ಹಿಂದಕ್ಕೆ ಹೋದರೆ ಸಾಕು, ಅತ್ತೆ ಕೈ ತಳ್ಳಿಬಿಡುತ್ತಿದ್ದರು: "ಅಲ್ಲಿ ಬೇಡ ಕಣೇ, ಕಚಗುಳಿ ಆಗುತ್ತೆ!" ಹೀಗೆ ಒಬ್ಬ ಅತ್ತೆಗೆ ಕಚಗುಳಿಯಾದ ಕಾರಣ ಲೋಕದ ಜ್ಞಾನಿಗಳಿಗೆಲ್ಲ ಕಿವಿಯ ಹಿಂಬದಿಯೇ ಇಲ್ಲದಂತಾಯಿತು.

ನಿನ್ನೆ ಬೆಳಗ್ಗೆ ಅವರು ಭಾವನಿಗೆ ವಿಷಯ ಹೇಳಿದರು. ಹಿಂದೆ ಟೊಳ್ಳು ಬಿಡುತ್ತೇನೆ ಎಂದರು. ನಾನೂ ಅಲ್ಲೇ ಇದ್ದೆ.

"ನೋಡಮ್ಮ, ತೆಳ್ಳಗಿನ ಕಿವಿ ಅಚ್ಚಿಗೆ ತಡೆಯಲ್ಲ," ಎಂದರು ಭಾವ. "ಕಿತ್ಕೊಂಡ್ರೆ ಕೆನ್ನೆಯೂ ಜೊತೇಲಿ ಬರುತ್ತೆ. ಮತ್ತೆ ಮುಖ ಮಾಡೋಕೆ ನನ್ನ ಕಣ್ಣಲ್ಲಿ ಶಕ್ತಿ ಇಲ್ಲ. ಅಷ್ಟಕ್ಕೂ ಹಿಂದೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಭಾವ. ಅವರೊಬ್ಬರು ಮುಟ್ತಾರೆ."

ಭಾವ ಜಾಣಕಿವುಡು ನಟಿಸುತ್ತ ಎದ್ದುಹೋದರು. ಸಾಯಂಕಾಲ ನೋಡಿದರೆ, ಮೂಲೆಯಲ್ಲಿ ಕೂತು, ಕಿವಿಯ ಹಿಂದಿನ ಸಂದಿಗೆಂದೇ ಬೇರೆಯಾಗಿ ತೆಗೆದುಹಾಕಬಹುದಾದ ಒಂದು ಸಣ್ಣ ತುಂಡು ಅಚ್ಚಿಗೆ ಅಳತೆ ಮಾಡುತ್ತಿದ್ದರು. ಇದು ಅವರು ಹೂಂ ಎನ್ನುವ ರೀತಿ ಎಂದು ಗಡ್ಡದಣ್ಣ ನನಗೆ ಪಿಸುಗುಟ್ಟಿದರು.

ಈಗ ಬೆಳಕು ಪೂರ್ತಿ ಒಳಗೆ ಬಂದಿದೆ. ಕಿವಿಯಕ್ಕ ಡಬ್ಬಿಯಿಂದ ಬಲಗಿವಿಯನ್ನು ಎತ್ತುತ್ತಾರೆ. ಅಂಗೈಯಲ್ಲಿ ಅದು ಎಷ್ಟು ತೆಳ್ಳಗಿದೆ ಎಂದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಗಂಜಿ ಸವರಿ, ಕೂರಿಸಿ, ಬುಡವನ್ನು ಮಾತ್ರ ಒತ್ತಿ, ಹಿಂದೆ ಸಣ್ಣ ತಂತಿಯಿಂದ ಕೆರೆದು ಕೆರೆದು ಸಂದಿಯನ್ನು ಆಳ ಮಾಡುತ್ತಾರೆ. ತಮ್ಮದೇ ಕಿವಿಯ ಹಿಂದೆ ಬೆರಳಿಟ್ಟು ನೋಡುತ್ತಾರೆ, ಮತ್ತೆ ಕೆರೆಯುತ್ತಾರೆ. ಒಂದು ಸಲ ಗಂಡನನ್ನು ಹತ್ತಿರ ಕರೆದು ಅವರ ಕಿವಿಯ ಹಿಂದೆಯೂ ಮುಟ್ಟಿ ನೋಡುತ್ತಾರೆ. ಇಡೀ ಶೆಡ್ಡಿನಲ್ಲಿ ತಂತಿ ಕೆರೆಯುವ ಸದ್ದು ಮಾತ್ರ. ನಾನು ದೊಡ್ಡ ದೊಡ್ಡ ಸಭೆಗಳನ್ನು ಕಂಡಿದ್ದೇನೆ, ಮಹನೀಯರ ಪ್ರತಿಮೆಯ ಪರದೆ ಸರಿಯುವಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇನೆ. ಈ ಗಳಿಗೆಯ ಎದುರು ಅದೆಲ್ಲ ಬರೀ ಗದ್ದಲ ಎನಿಸುತ್ತದೆ.

ಎಡಗಿವಿಯೂ ಕೂತು ಸ್ವಲ್ಪ ಹೊತ್ತಿಗೆ ಲೇಖಕಿಯ ಮಗಳು ಬರುತ್ತಾರೆ. ಕೈಯಲ್ಲಿ ಬಟ್ಟೆ ಚೀಲ. ಬಾಗಿಲ ಹತ್ತಿರವೇ ನಿಂತು, "ಎರಕಕ್ಕೆ ಹೋಗೋ ಮುಂಚೆ ಒಂದು ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಬಹಳ ಚೆನ್ನಾಗಿದೆ. ಮುಟ್ಟೋದೆಲ್ಲ ಬೇಡ," ಎನ್ನುತ್ತಾರೆ.

"ಒಂದೇ ಒಂದು ಸಲ ಮೇಡಂ," ಎನ್ನುತ್ತಾರೆ ಕಿವಿಯಕ್ಕ. "ನಿಮಗೋಸ್ಕರ ಅಲ್ಲ, ನನಗೋಸ್ಕರ."

ಮಗಳು ಹತ್ತಿರ ಬರುತ್ತಾರೆ. ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳು ಮುಂದೆ ಕೂರುತ್ತದೆ, ತೋರುಬೆರಳು ಹಿಂದಕ್ಕೆ ಹೋಗುತ್ತದೆ. ಹೋಗಿ, ಒಳಗೆ ಇಳಿಯುತ್ತದೆ. ಅಲ್ಲೇ ನಿಲ್ಲುತ್ತದೆ.

ಕಿವಿಯಕ್ಕ ಮುಖ ನೋಡುತ್ತಿಲ್ಲ, ಆ ಬೆರಳನ್ನೇ ನೋಡುತ್ತಿದ್ದಾರೆ. ಬಹಳ ಹೊತ್ತಾದ ಮೇಲೆ ಮಗಳು ಕಣ್ಣು ತೆರೆಯುತ್ತಾರೆ. ಅಳುತ್ತಾರೆ ಎಂದುಕೊಂಡಿದ್ದೆವು. ಅವರು ನಗುತ್ತಿದ್ದಾರೆ. ಒಂದು ಕೈಯನ್ನು ಕಿವಿಯಿಂದ ತೆಗೆಯದೆ ಇನ್ನೊಂದು ಕೈಯಿಂದ ಚೀಲ ತಡಕಾಡಿ, ಒಂದು ಮೋಟು ಪೆನ್ಸಿಲ್ ಹೊರತೆಗೆದು, ತಾಯಿಯ ಕಿವಿಯ ಹಿಂದೆ ಸಿಕ್ಕಿಸುತ್ತಾರೆ. ಪೆನ್ಸಿಲ್ ನಿಲ್ಲುತ್ತದೆ.

"ಮನೆಯೆಲ್ಲ ಹುಡುಕೋರು," ಎನ್ನುತ್ತಾರೆ. "ಮಂಚದ ಕೆಳಗೆ, ದಿಂಬಿನ ಕೆಳಗೆ. ನನ್ನ ಪೆನ್ಸಿಲ್ ಯಾರು ತಗೊಂಡ್ರಿ, ಈ ಮನೇಲಿ ಒಂದು ವಸ್ತು ಇಟ್ಟ ಕಡೆ ಇರಲ್ಲ ಅಂತ ಎಲ್ಲರ ಮೇಲೂ ರೇಗೋರು. ಲೋಕಕ್ಕೆಲ್ಲ ಬುದ್ಧಿ ಹೇಳಿದೋರು! ಇಲ್ಲೇ ಇರ್ತಿತ್ತು. ಇಲ್ಲೇ..."

ಗಡ್ಡದಣ್ಣ ಗೋಡೆಯ ಕಡೆ ತಿರುಗಿಕೊಂಡಿದ್ದಾರೆ. ನನ್ನ ಕಣ್ಣೂ ಮಂಜಾಗಿದೆ. ಭಾವ ಮಾತ್ರ ಗಾಬರಿಯಿಂದ ಎರಡು ಹೆಜ್ಜೆ ಮುಂದೆ ಬರುತ್ತಾರೆ. "ತೆಗೀರಿ, ತೆಗೀರಿ, ಮಣ್ಣು ಇನ್ನೂ ಹಸಿ ಇದೆ. ಪೆನ್ಸಿಲ್ ಗುರುತು ಬಿದ್ದುಬಿಡುತ್ತೆ!"

ಕಿವಿಯಕ್ಕ ಮಣ್ಣಿನ ಕೈಯನ್ನೇ ಅಡ್ಡ ಚಾಚಿ ಅವರನ್ನು ತಡೆಯುತ್ತಾರೆ.

"ಬೀಳ್ಲಿ ಬಿಡಿ ಭಾವ," ಎನ್ನುತ್ತಾರೆ. "ತಾಯಿಯೋರ ಕಿವಿಗೂ ಬಿದ್ದಿರುತ್ತೆ."